‘ಯಾವ ಬಾವಿ?’: ನೇರ ಮಾತಿನ ಪ್ರೇಕ್ಷಕಿಯೊಬ್ಬರ ಪ್ರಕರಣ

ನಮ್ಮದು ಹನ್ನೊಂದು ಜನರ ಸಿನಿಮಾ ಗುಂಪು. ಹಳೇ ಮೈಸೂರು ಸೀಮೆಯ ಒಂದು ಜಿಲ್ಲಾ ಕೇಂದ್ರದಲ್ಲಿದ್ದೇವೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಯಾರು ಯಾರು ಅಂತ ಅರ್ಧ ಗಂಟೆಯಲ್ಲಿ ಪತ್ತೆಯಾಗಿಬಿಡುತ್ತದೆ. ಅದಕ್ಕೇ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಎಲ್ಲಕ್ಕೂ ಕಾರಣವಾದ ಸಣ್ಣ ಕನ್ನಡ ಸಿನಿಮಾದ ಹೆಸರನ್ನೂ ಬರೆಯುವುದಿಲ್ಲ. ಉಳಿದ ಸಿನಿಮಾ, ಸೀರೀಸ್‌ಗಳ ಹೆಸರು ಇದ್ದ ಹಾಗೇ ಇವೆ.

ತಿಂಗಳ ಎರಡನೇ ಭಾನುವಾರ ಸಂಜೆ ಒಬ್ಬರ ಮನೆಯ ತಾರಸಿಯಲ್ಲಿ ಸೇರುತ್ತೇವೆ. ಕಾಫಿ, ಚುರುಮುರಿ, ಆ ತಿಂಗಳು ನೋಡಿದ್ದರ ಬಗ್ಗೆ ಮಾತು. ಟಿಕೆಟ್ ಬುಕ್ ಮಾಡುವುದು, ಲೆಕ್ಕ ಇಡುವುದು ನನ್ನ ಕೆಲಸ. ಹಾಗಾಗಿ ಈ ಕಥೆಯಲ್ಲಿ ನನ್ನ ಪಾಲಿನ ತಪ್ಪೂ ಇದೆ.

ಅಕ್ಕ ಮತ್ತು ಅವರ ನೋಟ್‌ಬುಕ್

ಪ್ರಕರಣ ನಮ್ಮ ಗುಂಪಿನ ಒಬ್ಬ ಹೆಂಗಸಿನದು. ಇಪ್ಪತ್ತೈದರ ಹುಡುಗನಿಂದ ಹಿಡಿದು ಎಪ್ಪತ್ತರ ಮೇಷ್ಟ್ರವರೆಗೆ ಎಲ್ಲರೂ ಅವರನ್ನು ‘ಅಕ್ಕ’ ಎನ್ನುತ್ತೇವೆ. ಅರವತ್ತರ ಹತ್ತಿರ ವಯಸ್ಸು. ಸಹಕಾರಿ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಸಾಲದ ಅರ್ಜಿ ಪರಿಶೀಲಿಸುವ ಕೆಲಸ ಮಾಡಿದವರು. “ಅರ್ಜಿ ಓದಿ ಓದಿ, ಯಾರು ಬುರುಡೆ ಬಿಡ್ತಿದಾರೆ ಅಂತ ಎರಡನೇ ಪುಟಕ್ಕೇ ಗೊತ್ತಾಗತ್ತೆ” ಎನ್ನುವುದು ಅವರ ಮಾಮೂಲಿ ಮಾತು. ಸಿನಿಮಾ ಕಥೆಯನ್ನೂ ಅವರು ಹಾಗೇ ನೋಡುತ್ತಾರೆ.

ಅವರ ಹತ್ತಿರ ಒಂದು ಲಾಂಗ್ ನೋಟ್‌ಬುಕ್ ಇದೆ. 2022ರಿಂದ ನೋಡಿದ ಪ್ರತಿ ಸಿನಿಮಾ, ಪ್ರತಿ ಸೀರೀಸ್‌ಗೂ ಅದರಲ್ಲಿ ಎರಡು ಮೂರು ಸಾಲು. ಕೊನೆಯಲ್ಲಿ ಹತ್ತಕ್ಕೆ ಎಷ್ಟು ಅಂತ ಅಂಕ. ಸಾಲುಗಳು ಚೆನ್ನಾಗಿರುತ್ತವೆ. ಹಿಂದಿ ಸೀರೀಸ್ ‘ಪಂಚಾಯತ್’ನ ಮೊದಲ ಸೀಸನ್‌ಗೆ ಹೀಗೆ ಬರೆದಿದ್ದರು: “ಸೋಲಾರ್ ಲೈಟ್ ಎಲ್ಲಿ ಹಾಕಬೇಕು ಅನ್ನೋದಕ್ಕೆ ಇಡೀ ಒಂದು ಎಪಿಸೋಡ್. ನಮ್ಮ ಕಡೆ ಇದಕ್ಕೆ ಒಂದು ವರ್ಷ ಹಿಡಿಯತ್ತೆ. 9.” ‘ಮಿಥ್ಯ’ 2025ರ ಮಾರ್ಚ್‌ನಲ್ಲಿ ಬಂತು. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈಯಿಂದ ಉಡುಪಿಗೆ ಬರುವ ಕಥೆ. ಅದಕ್ಕೆ: “ಹುಡುಗನಿಗೆ ಒಳಗೆ ಏನಾಗ್ತಿದೆ ಅಂತ ಯಾರೂ ಭಾಷಣ ಮಾಡಿ ಹೇಳಲ್ಲ. ಪುಣ್ಯ. 8.” ಮುಸುಕು ಹಾಕಿದ ಮದುಮಗಳಂದಿರು ರೈಲಿನಲ್ಲಿ ಅದಲುಬದಲಾಗುವ ಹಿಂದಿ ಸಿನಿಮಾ ‘ಲಾಪತಾ ಲೇಡೀಸ್’ಗೆ: “ಘೂಂಘಟ್ ಒಂದೇ ಥರ ಇದ್ರೆ ಹೆಂಡತಿಯೂ ಒಂದೇ ಥರ ಕಾಣ್ತಾಳೆ. ಈ ಒಂದು ಜೋಕಿನ ಮೇಲೆ ಇಡೀ ಸಿನಿಮಾ ನಿಲ್ಸಿದಾರೆ, ಬಿದ್ದಿಲ್ಲ. 8.”

ಇಂಥ ಮಾತು ಯಾರಿಗೆ ಇಷ್ಟ ಆಗಲ್ಲ? ಸ್ಟಾರ್ ನೋಡಿ ಹೊಗಳುವವರಲ್ಲ, ದೊಡ್ಡವರು ಹೊಗಳಿದರು ಅಂತ ತಲೆ ಆಡಿಸುವವರೂ ಅಲ್ಲ. ಅವರ ಮಾತಿಗೆ ತೂಕ ಬಂದದ್ದು ಸಹಜವೇ.

ತೊಂದರೆ ಬಂದದ್ದು ಅಂಕದಿಂದ. ನಿಧಾನಕ್ಕೆ ಅದು ಗುಂಪಿನ ಕಾನೂನಾಯಿತು. ಸಿನಿಮಾ ಶುಕ್ರವಾರ ಬಿಡುಗಡೆಯಾದರೆ ಅಕ್ಕ ಅವತ್ತೇ ನೋಡುತ್ತಾರೆ. ಸಂಜೆಗೆ ಎಲ್ಲರೂ ಅವರಿಗೆ ಫೋನ್ ಮಾಡುತ್ತಾರೆ. ಆರಕ್ಕಿಂತ ಜಾಸ್ತಿ ಅಂದರೆ ನಾನು ಭಾನುವಾರಕ್ಕೆ ಟಿಕೆಟ್ ತೆಗೆಯುತ್ತೇನೆ, ಕಮ್ಮಿ ಅಂದರೆ ಬಿಡುತ್ತೇನೆ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ನನಗೆ ಸುಲಭ ಅಂತ ನಾನೇ ರೂಢಿ ಮಾಡಿದ್ದು. ಜನರನ್ನೂ ಬೈಯುವ ಹಾಗಿಲ್ಲ. ಮಲ್ಟಿಪ್ಲೆಕ್ಸ್‌ಗೆ ನಾಲ್ಕು ಜನ ಹೋಗಿ ಬಂದರೆ ಸಾವಿರ ರೂಪಾಯಿ ಎಲ್ಲಿ ಹೋಯಿತು ಅಂತ ಗೊತ್ತಾಗಲ್ಲ. (2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿದಾಗ ನಮ್ಮ ತಾರಸಿಯಲ್ಲಿ ಚಪ್ಪಾಳೆ ಬಿತ್ತು. ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಚಪ್ಪಾಳೆ ವಾಪಸ್.) ದುಡ್ಡು ಹಾಕುವ ಮೊದಲು ನಂಬಿಕಸ್ಥರನ್ನು ಕೇಳುವುದು ತಪ್ಪಲ್ಲ, ಅಲ್ವಾ?

ಆದರೆ ಸಣ್ಣ ಕನ್ನಡ ಸಿನಿಮಾದ ಪಾಡು ಬೇರೆ. ನಮ್ಮಂಥ ಊರಲ್ಲಿ ಅದಕ್ಕೆ ಸಿಗುವುದು ದಿನಕ್ಕೆ ಒಂದು ಶೋ, ಹೆಚ್ಚೆಂದರೆ ಎರಡು. ಅದೂ ಯಾರೂ ಬರಲಾಗದ ಹೊತ್ತಿಗೆ. ಶನಿವಾರ ಭಾನುವಾರ ಜನ ಬರದಿದ್ದರೆ ಮುಂದಿನ ಶುಕ್ರವಾರ ಎತ್ತಂಗಡಿ. ದೊಡ್ಡ ಸಿನಿಮಾಗೆ ಅಕ್ಕ ನಾಲ್ಕು ಕೊಟ್ಟರೂ ಕೂದಲು ಕೊಂಕುವುದಿಲ್ಲ. ಸಣ್ಣದಕ್ಕೆ ನಮ್ಮ ಹನ್ನೊಂದು ಮನೆಯ ಇಪ್ಪತ್ತೈದು ಮೂವತ್ತು ಟಿಕೆಟ್ ಅಂದರೆ ಒಂದು ಶೋ ನಡೆಯುತ್ತದೋ ರದ್ದಾಗುತ್ತದೋ ಅನ್ನುವ ಲೆಕ್ಕ.

ತಾರಸಿಯ ಆ ಸಂಜೆ

2025ರ ಬೇಸಿಗೆಯಲ್ಲಿ ಅಂಥ ಒಂದು ಸಿನಿಮಾ ಬಂತು. ಹೊಸಬರದು. ಅಕ್ಕ ಮೊದಲ ದಿನ ಒಬ್ಬರೇ ಹೋಗಿ ನೋಡಿ ಬಂದರು. ಸಂಜೆ ನಾನು ಫೋನ್ ಮಾಡಿದೆ. “ಇಂಟರ್ವಲ್‌ವರೆಗೂ ಪರವಾಗಿಲ್ಲ. ಆಮೇಲೆ ಕಥೆ ಎಲ್ಲಿ ಹೋಯ್ತೋ ಗೊತ್ತಿಲ್ಲ. ಯಾಕೆ ಏನು ಅಂತ ಒಂದಕ್ಕೂ ತಳ ಬುಡ ಇಲ್ಲ. ನಾಲ್ಕು” ಅಂದರು. ನಾನು ಟಿಕೆಟ್ ತೆಗೆಯಲಿಲ್ಲ. ಯಾರೂ ಹೋಗಲಿಲ್ಲ. ಸಿನಿಮಾ ಒಂದು ವಾರ ಇತ್ತು, ಹೋಯಿತು.

ಮುಂದಿನ ತಿಂಗಳು ತಾರಸಿಯಲ್ಲಿ ಅಕ್ಕ ಆ ಪುಟ ಓದಿದರು. ಎಲ್ಲರೂ ಕೇಳಿಸಿಕೊಂಡರು. ಗುಂಪಿನ ಕಿರಿಯ ಹುಡುಗ ಕೊನೆಗೆ ಬಾಯಿಬಿಟ್ಟ. ಅವನು ಬೆಂಗಳೂರಲ್ಲಿ ‘ಏನೋ ವಿಡಿಯೋ ಕೆಲಸ’ ಮಾಡುತ್ತಾನೆ ಅಂತ ಮಾತ್ರ ನಮಗೆ ಗೊತ್ತಿತ್ತು. ವಾರದ ಕೊನೆಗೆ ಊರಿಗೆ ಬರುತ್ತಿದ್ದ.

“ಅಕ್ಕ, ಬಾವಿ ಹತ್ರ ಅಪ್ಪ ಮಗಳು ಮಾತಾಡ್ತಾರಲ್ಲ, ಆ ಸೀನ್ ಹೇಗನ್ನಿಸ್ತು?”

“ಯಾವ ಬಾವಿ?”

“ಇಂಟರ್ವಲ್ ಆದ್ಮೇಲೆ ಬರತ್ತಲ್ಲ.”

“ಬಾವಿ ಗೀವಿ ನಂಗೆ ನೆನಪಿಲ್ಲಪ್ಪ. ಎಷ್ಟು ಸಪ್ಪೆ ಇತ್ತು ನೋಡು, ತಲೇಲೇ ಉಳಿದಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗ ಲೋಟದಲ್ಲಿದ್ದ ಕಾಫಿ ಮುಗಿಸಿ, “ಬಸ್ಸಿಗೆ ಹೊತ್ತಾಯ್ತು” ಅಂತ ಎದ್ದು ಹೋದ. ಮುಂದಿನ ತಿಂಗಳು ಬರಲಿಲ್ಲ.

ಹದಿನೈದು ದಿನ ಆದಮೇಲೆ ಬೇರೆ ಯಾವುದೋ ಮಾತಿನ ನಡುವೆ ನನಗೆ ವಿಷಯ ಗೊತ್ತಾಯಿತು. ಆ ಸಿನಿಮಾಗೆ ಅವನು ಸಹಾಯಕ ಸಂಕಲನಕಾರ. ಹೆಸರು ಕೊನೆಯ ಟೈಟಲ್ ಕಾರ್ಡಿನಲ್ಲಿ ಇದೆಯಂತೆ. ಕೊನೆಯ ಟೈಟಲ್ ಯಾರು ನೋಡುತ್ತಾರೆ? ಬಾಗಿಲು ತೆರೆದ ಕೂಡಲೇ ಎಲ್ಲರೂ ಸ್ಕೂಟರ್ ಕೀ ಹುಡುಕುತ್ತಾ ಎದ್ದುಬಿಡುತ್ತೇವೆ. ತನ್ನ ಕೆಲಸ ಅಂತ ಹೇಳಿದರೆ ಅಕ್ಕ ಮುಲಾಜಿಗೆ ಬೀಳುತ್ತಾರೆ, ಅವರ ನೇರ ಮಾತು ಸಿಗುವುದಿಲ್ಲ ಅಂತ ಹುಡುಗ ಸುಮ್ಮನಿದ್ದನಂತೆ.

ನಾನು ಅಕ್ಕನ ಮನೆಗೆ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾನು ಹೊರಗಿದ್ದೆ ಕಣೋ” ಅಂದರು.

ಇಂಟರ್ವಲ್‌ನಲ್ಲಿ ಹೊರದೇಶದಲ್ಲಿರುವ ಮಗನ ಫೋನ್ ಬಂದಿತ್ತು. ಸೈಟು ಮಾರುವ ವಿಚಾರ. ಮಾತು ಜಗಳವಾಯಿತು. ಪಾಪ್‌ಕಾರ್ನ್ ಕೌಂಟರ್ ಪಕ್ಕ ನಿಂತು ಇಪ್ಪತ್ತು ನಿಮಿಷ ಮಾತಾಡಿದ್ದಾರೆ. ಒಳಗೆ ಬಂದಾಗ ಸಿನಿಮಾ ಎಲ್ಲಿಗೋ ಹೋಗಿತ್ತು. ಕೂತರು, ಆದರೆ ತಲೆಯಲ್ಲಿ ಸೈಟು. ಮನೆಗೆ ಬಂದು ಬರೆದದ್ದು: “ಇಂಟರ್ವಲ್ ನಂತರ ತಳ ಬುಡ ಇಲ್ಲ. 4.” ತಳ ಬುಡ ಬಾವಿಯ ಹತ್ತಿರ ಇತ್ತು. ಇವರು ಕೌಂಟರ್ ಹತ್ತಿರ ಇದ್ದರು.

ಇದರಲ್ಲಿ ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಅವರಿಗೆ ಅನ್ನಿಸಿದ್ದು ಹಾಗೇ, ಅನ್ನಿಸಿದ್ದನ್ನು ಮುಚ್ಚಿಡದೆ ಹೇಳಿದ್ದರು. ಅನ್ನಿಸಿದ್ದು ಯಾಕೆ ಅನ್ನುವುದನ್ನು ಮಾತ್ರ ಹೇಳಿರಲಿಲ್ಲ. ಅವರಿಗೇ ಅದು ಹೊಳೆದಿರಲಿಲ್ಲ.

“ಅವನ ಹತ್ರ ಒಂದು ಸಲ ಸಾರಿ ಕೇಳಿಬಿಡಿ, ಮುಗೀತು” ಅಂದೆ ನಾನು. ಅವರು ಒಪ್ಪಲಿಲ್ಲ. “ಈಗ ಸಾರಿ ಅಂದ್ರೆ ಅವನ ಸಿನಿಮಾ ಅಂತ ಗೊತ್ತಾಗಿದ್ದಕ್ಕೆ ಕೇಳ್ದಂಗೆ. ಯಾರದ್ದೋ ಆಗಿದ್ರೆ ಕೇಳ್ತಿದ್ನಾ? ಅವನದಲ್ದೆ ಇದ್ರೂ ತಪ್ಪು ತಪ್ಪೇ” ಅಂದರು. ಆಗ ನನಗೆ ಇದು ಮೊಂಡುತನ ಅನ್ನಿಸಿತ್ತು. ಈಗ ಹಿಂದೆ ತಿರುಗಿ ನೋಡಿದರೆ, ಇಡೀ ಪ್ರಕರಣ ಸರಿದಾರಿಗೆ ಬಂದದ್ದು ಈ ಮಾತಿನಿಂದ. ಸಾರಿ ಕೇಳಿದ್ದರೆ ಅಲ್ಲಿಗೇ ಮುಚ್ಚಿಹೋಗುತ್ತಿತ್ತು.

ಮೊದಲು ಬಾಯಿ ಮುಚ್ಚಿದ್ದು, ಆಮೇಲೆ ಬೆಣ್ಣೆ ಹಚ್ಚಿದ್ದು

ಅಕ್ಕನಿಗೆ ತೋಚಿದ ಮೊದಲ ಉಪಾಯ ಸುಮ್ಮನಿರುವುದು. ಸಿನಿಮಾ ನೋಡುವುದು, ಯಾರು ಕೇಳಿದರೂ ಬಾಯಿ ಬಿಡದೇ ಇರುವುದು. ಆಗ ಜುಲೈ ಕೊನೆ. ‘ಸು ಫ್ರಮ್ ಸೋ’ ಬಿಡುಗಡೆಯಾಗಿತ್ತು. ಕರಾವಳಿಯ ಒಂದು ಹಳ್ಳಿ, ಮೈಮೇಲೆ ಸುಲೋಚನಾ ಬಂದಿದ್ದಾಳೆ ಅಂತ ನಾಟಕ ಆಡುವ ಹುಡುಗ, ಅವನ ಸುತ್ತ ಇಡೀ ಊರು. ಅಕ್ಕ ನೋಡಿ ಬಂದು ಮನೆಯಲ್ಲಿ ಒಬ್ಬರೇ ನಗುತ್ತಿದ್ದರಂತೆ. ಫೋನ್ ಮಾಡಿದವರಿಗೆ ಮಾತ್ರ “ನಾನೇನೂ ಹೇಳಲ್ಲ, ನೀವೇ ನೋಡ್ಕೊಳ್ಳಿ.” ಗುಂಪು ಏನು ಅರ್ಥ ಮಾಡಿಕೊಂಡಿತು? “ಅಕ್ಕ ಬಾಯೇ ಬಿಡ್ತಿಲ್ಲ. ಅಂದ್ರೆ ತೋಪು.” ನಾನು ಟಿಕೆಟ್ ತೆಗೆಯಲಿಲ್ಲ. ಎರಡು ದಿನದಲ್ಲಿ ಆ ಸಿನಿಮಾ ಬಾಯಿಂದ ಬಾಯಿಗೆ ಹಬ್ಬಿ, ಆಮೇಲೆ ನಮಗೆ ಟಿಕೆಟ್ಟೇ ಸಿಗಲಿಲ್ಲ. ಮೇಷ್ಟ್ರು ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಜನ ನಂಬಿದವರು ಸುಮ್ಮನಿದ್ದರೆ ಅದೂ ಒಂದು ತೀರ್ಪೇ.

ಎರಡನೇ ಉಪಾಯ ನನ್ನದು, ಅದಕ್ಕೇ ಜಾಸ್ತಿ ಕೆಟ್ಟದ್ದು. “ಹೊಸಬರ ಕನ್ನಡ ಸಿನಿಮಾಗೆ ಸ್ವಲ್ಪ ಕೈ ಸಡಿಲ ಮಾಡಿ. ಐದು ಅನ್ನಿಸಿದ್ರೆ ಏಳು ಅನ್ನಿ. ಜನ ಹೋಗಿ ನೋಡ್ಲಿ” ಅಂದೆ. ಅಕ್ಕನಿಗೆ ಮನಸ್ಸಿರಲಿಲ್ಲ. ಬಾವಿಯ ಅಪರಾಧಪ್ರಜ್ಞೆಯಲ್ಲಿ ಒಪ್ಪಿದರು. ಆಗಸ್ಟ್‌ನಲ್ಲಿ ಬಂದ ಒಂದು ಸಿನಿಮಾಗೆ ಏಳೂವರೆ ಕೊಟ್ಟರು. ಮೇಷ್ಟ್ರು ಹೆಂಡತಿ, ಮೊಮ್ಮಗಳನ್ನು ಕರೆದುಕೊಂಡು ಹೋದರು. ರಾತ್ರಿ ಹತ್ತಕ್ಕೆ ಅಕ್ಕನಿಗೆ ಫೋನ್. “ಏನಮ್ಮಾ, ನೀನೂ ಹೀಗಾ?” ಅಷ್ಟೇ. ಬೈದಿದ್ದರೆ ಅಕ್ಕ ಸಹಿಸುತ್ತಿದ್ದರು. ಆ ಮೂರು ಪದ ಸಹಿಸಲು ಆಗಲಿಲ್ಲ.

ಕನ್ನಡ ಸಿನಿಮಾ ಉಳಿಸಬೇಕು ಅಂತ ಸುಳ್ಳು ಅಂಕ ಕೊಡುವುದನ್ನು ನಾನು ಈಗ ಬೇರೆ ಥರ ನೋಡುತ್ತೇನೆ. ಅಂಥ ಒಂದು ಏಳೂವರೆ, ಮುಂದೆ ನಿಜವಾಗಿ ಚೆನ್ನಾಗಿರುವ ಹೊಸಬರ ಸಿನಿಮಾದ ಏಳೂವರೆಯನ್ನೂ ತಿಂದುಹಾಕುತ್ತದೆ. ಮೇಷ್ಟ್ರು ಆಮೇಲೆ ಎರಡು ತಿಂಗಳು ಟಾಕೀಸಿನ ಕಡೆ ತಲೆ ಹಾಕಲಿಲ್ಲ.

ಅರ್ಜಿದಾರ ಎಲ್ಲಿ?

ತಿರುವು ಬಂದದ್ದು ಸೆಪ್ಟೆಂಬರ್ ಮೊದಲ ವಾರ. ಅಕ್ಕ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. “ಸಾಲದ ಅರ್ಜೀಲಿ ಮೊದಲು ಏನಿರತ್ತೆ ಹೇಳು. ಅರ್ಜಿದಾರನ ವಿವರ. ಹೆಸರು, ವಿಳಾಸ, ಆದಾಯ, ಹಳೇ ಬಾಕಿ. ಅದಿಲ್ದೆ ನಾನು ಒಂದು ಅರ್ಜೀನೂ ಮುಂದಕ್ಕೆ ಕಳಿಸ್ದವಳಲ್ಲ. ನನ್ನ ನೋಟ್‌ಬುಕ್ಕಲ್ಲಿ ಅರ್ಜಿದಾರನೇ ಕಾಣೆ! ಸಿನಿಮಾನೇ ಅರ್ಜಿದಾರ ಅಂದ್ಕೊಂಡಿದ್ದೆ. ಅರ್ಜಿದಾರಳು ನಾನು.”

ಅವತ್ತೇ ಹೊಸ ನೋಟ್‌ಬುಕ್ ತಂದು ಗೆರೆ ಎಳೆದರು. ಎಲ್ಲಿ ನೋಡಿದೆ. ಯಾವ ಹೊತ್ತು. ಯಾರ ಜೊತೆ. ಮೂಲ ಭಾಷೆಯೋ ಡಬ್ಬಿಂಗೋ. ಎಷ್ಟು ತುಂಡು. ಎಷ್ಟು ಬಿಟ್ಟೆ. ಇದೆಲ್ಲ ತುಂಬಿದ ಮೇಲೆ ಅಭಿಪ್ರಾಯ. ‘ಎಷ್ಟು ತುಂಡು’ ಅನ್ನುವುದು ನನಗೆ ಬಹಳ ಹಿಡಿಸಿತು. ಓಟಿಟಿ ಬಂದ ಮೇಲೆ ನಾವು ಸಿನಿಮಾ ನೋಡುವುದಿಲ್ಲ, ತುಂಡು ಮಾಡಿ ತಿನ್ನುತ್ತೇವೆ. ಬೆಳಿಗ್ಗೆ ತಿಂಡಿಗೆ ಇಷ್ಟು, ರಾತ್ರಿ ಮಲಗುವಾಗ ಇಷ್ಟು. ಆಮೇಲೆ “ಲ್ಯಾಗ್” ಅನ್ನುತ್ತೇವೆ.

ಹಳೆಯ ನೋಟ್‌ಬುಕ್ ತೆರೆದು, ನೆನಪಿದ್ದಷ್ಟಕ್ಕೆ ಈ ವಿವರ ಹಾಕುತ್ತಾ ಹೋದರು. ನಾನೂ ಪಕ್ಕದಲ್ಲಿ ಕೂತಿದ್ದೆ. ಐದಕ್ಕಿಂತ ಕಮ್ಮಿ ಬಿದ್ದವುಗಳಲ್ಲಿ ಬಹಳಷ್ಟು ಫೋನಿನಲ್ಲಿ ನೋಡಿದವು, ಇಲ್ಲವೇ ಅಡುಗೆಮನೆಯಲ್ಲಿ ನೋಡಿದವು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕೆಲವನ್ನು ಮತ್ತೆ ನೋಡುವುದು ಅಂತಾಯಿತು. ಹೊಸ ಅಂಕ ಹಾಕಿದರೂ ಹಳೆಯದನ್ನು ಹೊಡೆದುಹಾಕಬಾರದು ಅನ್ನುವುದು ಅವರೇ ಮಾಡಿಕೊಂಡ ನಿಯಮ. “ಲೆಡ್ಜರಲ್ಲಿ ಅಳಿಸೋ ಹಾಗಿಲ್ಲ.”

ಎರಡನೇ ನೋಟ

ಮೊದಲು ತೆಗೆದುಕೊಂಡದ್ದು ‘ಸಪ್ತ ಸಾಗರದಾಚೆ ಎಲ್ಲೋ’, ಸೈಡ್ ಎ, ಅಂದರೆ ಮೊದಲ ಭಾಗ. 2023ರ ಸೆಪ್ಟೆಂಬರ್ 1ಕ್ಕೆ ಬಂದದ್ದು. ಟಾಕೀಸಲ್ಲಿ ತಪ್ಪಿಹೋಗಿ, ಆಮೇಲೆ ಬೆಂಗಳೂರಿಗೆ ಹೋಗಿ ಬರುವ ರೈಲಿನಲ್ಲಿ ಫೋನಿನಲ್ಲಿ ನೋಡಿದ್ದರು. ಹೋಗುವಾಗ ಅರ್ಧ, ಬರುವಾಗ ಅರ್ಧ, ನಡುವೆ ಎರಡು ದಿನ. ಹಳೆಯ ಸಾಲು: “ನಿಧಾನ. ನಿಧಾನ. ನಿಧಾನ. 4.”

ಈಗ ರಾತ್ರಿ ದೀಪ ಆರಿಸಿ, ಟಿವಿಯಲ್ಲಿ, ಒಂದೇ ಪಟ್ಟಿಗೆ ಕೂತು. ನಾಯಕ ಮನು ಯಾರದೋ ಅಪರಾಧವನ್ನು ದುಡ್ಡಿಗಾಗಿ ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇವೆ ಅಂದವರು ಬಿಡಿಸುವುದಿಲ್ಲ. ಅವನು ಪ್ರೀತಿಸುವ ಪ್ರಿಯಾ ಭೇಟಿಗೆ ಬರುತ್ತಾಳೆ, ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಹೊಸ ಸಾಲು: “ಇದು ನಿಧಾನ ಅಲ್ಲ. ಕಾಯಿಸ್ತಿದಾರೆ. ಅವಳು ಕಾಯ್ತಿದಾಳೆ, ನಾನೂ ಕಾಯ್ಬೇಕು. ರೈಲಲ್ಲಿ ನಾನು ಸ್ಟೇಷನ್ನಿಗೆ ಕಾಯ್ತಿದ್ದೆ.” ಇನ್ನೊಂದು ಸಂಗತಿ ಫೋನಿನಲ್ಲಿ ಕಂಡೇ ಇರಲಿಲ್ಲ. ಸೈಡ್ ಎ ತುಂಬಾ ನೀಲಿ, ನವೆಂಬರ್‌ನಲ್ಲಿ ಬಂದ ಸೈಡ್ ಬಿ ತುಂಬಾ ಕೆಂಪು. ಕಿಟಕಿಯ ಬಿಸಿಲಿನಲ್ಲಿ ಫೋನ್ ಹಿಡಿದರೆ ನೀಲಿಯೂ ಇಲ್ಲ, ಕೆಂಪೂ ಇಲ್ಲ, ನಮ್ಮ ಮುಖವೇ ಕಾಣುವುದು. ಅಂಕ ಏಳೂವರೆಗೆ ಏರಿತು. ಎಂಟು ಯಾಕಿಲ್ಲ ಅಂದರೆ: “ಬ್ಯಾಂಕಲ್ಲಿ ಇಂಥ ಹುಡುಗರನ್ನ ನೋಡಿದೀನಿ. ಸೈನ್ ಹಾಕೋ ಮುಂಚೆ ಹತ್ತು ಸಲ ಕೇಳ್ತಾರೆ. ಇವನು ಒಂದು ಸಲವೂ ಸರಿಯಾಗಿ ಕೇಳ್ಲಿಲ್ಲ.” ಇದು ನ್ಯಾಯವಾದ ತಕರಾರು ಅಂತ ನನಗೂ ಅನ್ನಿಸುತ್ತದೆ.

‘ಅಡೋಲಸೆನ್ಸ್’ನ ಕಥೆ ಇನ್ನೂ ಚೆನ್ನಾಗಿದೆ. ಬ್ರಿಟನ್ನಿನ ಈ ಸೀರೀಸ್ 2025ರ ಮಾರ್ಚ್‌ನಲ್ಲಿ ಬಂತು. ನಾಲ್ಕೇ ಎಪಿಸೋಡ್. ಒಂದೊಂದನ್ನೂ ಎಲ್ಲೂ ಕತ್ತರಿಸದೆ ಒಂದೇ ಶಾಟಿನಲ್ಲಿ ತೆಗೆದಿದ್ದಾರೆ. ಹದಿಮೂರರ ಹುಡುಗನನ್ನು ಕೊಲೆ ಆರೋಪದಲ್ಲಿ ಪೊಲೀಸರು ಹಿಡಿಯುವುದರಿಂದ ಶುರು. ಅಕ್ಕ ಅದನ್ನು ಅಡುಗೆಮನೆಯಲ್ಲಿ, ಬೀನ್ಸ್ ಹೆಚ್ಚುತ್ತಾ, ಇಂಗ್ಲಿಷ್ ಮಾತು ಪೂರ್ತಿ ಹಿಡಿಯದೆ, ಸಬ್‌ಟೈಟಲ್ ಇಟ್ಟುಕೊಂಡು ನೋಡಿದ್ದರು. ಬೆರಳು ಉಳಿಸಿಕೊಳ್ಳಬೇಕೋ, ಸಬ್‌ಟೈಟಲ್ ಓದಬೇಕೋ? ಹಳೆಯ ಸಾಲು: “ಎಲ್ಲರೂ ಹೊಗಳ್ತಿದಾರೆ. ಬರೀ ಮಾತು. 5.” ತುಂಡು ಎಷ್ಟು ಅಂತ ಕೇಳಿದೆ. “ಲೆಕ್ಕ ಇಲ್ಲ” ಅಂದರು. ಒಂದೇ ಶಾಟಿನಲ್ಲಿ ತೆಗೆಯಲು ಅವರು ಪಟ್ಟ ಪಾಡನ್ನು ಇವರು ಕುಕ್ಕರ್ ಕೂಗಿದಾಗಲೆಲ್ಲ ಕತ್ತರಿಸಿದ್ದರು.

ಎರಡನೇ ಸಲ ರಾತ್ರಿಗೊಂದು ಎಪಿಸೋಡ್, ಫೋನ್ ಪಕ್ಕದ ಕೋಣೆಯಲ್ಲಿ. ಮೂರನೆಯದರಲ್ಲಿ ಹುಡುಗ ಮತ್ತು ಮನಃಶಾಸ್ತ್ರಜ್ಞೆ ಒಂದು ಕೋಣೆಯಲ್ಲಿ ಕೂತು ಮಾತಾಡುತ್ತಾರೆ, ಹೆಚ್ಚುಕಮ್ಮಿ ಅಷ್ಟೇ. ಅದಕ್ಕೆ ಅವರು ಬರೆದದ್ದು: “ಎದ್ದು ನೀರು ಕುಡಿಯೋಕೂ ಆಗಲಿಲ್ಲ. ಕ್ಯಾಮೆರಾನೇ ಎದ್ದು ಹೋಗ್ತಿಲ್ಲ, ನಾನು ಹೆಂಗೆ ಹೋಗ್ಲಿ?” ಅಂಕ ಒಂಬತ್ತು. ಜೊತೆಗೆ ಒಂದು ಆಕ್ಷೇಪ: “ಸತ್ತ ಹುಡುಗಿ ಮನೆಗೆ ಕ್ಯಾಮೆರಾ ಒಂದು ಸಲವೂ ಹೋಗಲಿಲ್ಲ. ಅವಳಮ್ಮ ಏನು ಮಾಡ್ತಿದ್ಲು?”

‘ಪಂಚಾಯತ್’ ನಾಲ್ಕನೇ ಸೀಸನ್ ಎರಡು ಸಲ ನೋಡಿದರೂ ಐದೇ. ಸೋರೆಕಾಯಿ ಗುರುತು, ಕುಕ್ಕರ್ ಗುರುತು, ಬರೀ ಚುನಾವಣೆ. “ಮೊದಲು ಸಣ್ಣ ವಿಷಯ ದೊಡ್ಡದಾಗ್ತಿತ್ತು. ಈಗ ದೊಡ್ಡ ವಿಷಯ ಸಣ್ಣದಾಗಿದೆ.” ಈ ಐದು ಮುಖ್ಯ. ನೋಡಿದ ರೀತಿಯನ್ನು ಬರೆದಿಡುವುದು ಸಿನಿಮಾಗೆ ರಿಯಾಯಿತಿ ಕೊಡುವ ದಾರಿ ಅಂತ ಗುಂಪಿನಲ್ಲಿ ಒಬ್ಬರು ಗೊಣಗಿದ್ದರು. ಅಂಕ ಏರಲೇಬೇಕು ಅಂತೇನೂ ಇಲ್ಲ ಅಂತ ಆಗ ಗೊತ್ತಾಯಿತು.

ಇಳಿಯಲೂಬಹುದು. ಅಲ್ಲೇ ಜಗಳವಾದದ್ದು.

2022ರಲ್ಲಿ ‘ಕಾಂತಾರ’ಕ್ಕೆ ಅಕ್ಕ ಕೊಟ್ಟಿದ್ದು ಒಂಬತ್ತೂವರೆ. “ಕೊನೆಯ ಇಪ್ಪತ್ತು ನಿಮಿಷ ಕೂತಲ್ಲೇ ನಡುಗಿದೆ.” ನಾವೆಲ್ಲ ಒಟ್ಟಿಗೆ ಹೋಗಿದ್ದೆವು. ಟಾಕೀಸು ತುಂಬಿತ್ತು, ಹಿಂದಿನ ಸಾಲಿನಲ್ಲಿ ಯಾರೋ ಕೈಮುಗಿದು ನಿಂತಿದ್ದರು. ದೈವದ ಆ ಕೂಗು ಬಂದಾಗ ಕುರ್ಚಿ ಕೂಡ ಅದುರಿದ ಹಾಗಾಗಿತ್ತು. ಈಗ ಮನೆಯಲ್ಲಿ, ಒಬ್ಬರೇ. ಕ್ಲೈಮ್ಯಾಕ್ಸ್ ಈಗಲೂ ಅದೇ ಅಂದರು. ಆದರೆ ಮೊದಲರ್ಧದಲ್ಲಿ ಪೆನ್ನು ನಿಂತಿತು. “ಲೀಲಾ ಫಾರೆಸ್ಟ್ ಗಾರ್ಡ್. ಕಷ್ಟಪಟ್ಟು ಕೆಲಸ ತಗೊಂಡು ಊರಿಗೆ ಬಂದಿದಾಳೆ. ಸೊಂಟ ಚಿವುಟಿದವನನ್ನ ಪ್ರೀತಿಸೋಕೆ ಅವಳಿಗೆ ಏನು ಕಾರಣ ಕೊಟ್ಟಿದಾರೆ? ಅರ್ಜಿ ಅಪೂರ್ಣ. 7½.”

ತಾರಸಿಯಲ್ಲಿ ಇದನ್ನು ಓದಿದಾಗ ಇಬ್ಬರು ಎದ್ದು ನಿಂತರು. ನಮ್ಮ ಭಾಷೆಯ ಸಿನಿಮಾ, ದೈವದ ವಿಷಯ, ನಾಯಕನಿಗೆ ರಾಷ್ಟ್ರಪ್ರಶಸ್ತಿ ಬಂದಿದೆ, ಈಗ ಯಾಕೆ ಕೊಂಕು? ಒಬ್ಬರು ಅವತ್ತಿನಿಂದ ಬರುವುದನ್ನು ನಿಲ್ಲಿಸಿದರು. ನನಗೆ ಅಕ್ಕನ ಲೀಲಾ ತಕರಾರು ಸರಿ ಅನ್ನಿಸಿತು, ಅಂಕ ಸರಿ ಅನ್ನಿಸಲಿಲ್ಲ. ಟಾಕೀಸಿನ ಆ ಒಂಬತ್ತೂವರೆ ಸುಳ್ಳೇನಲ್ಲ. ಆ ಸದ್ದು, ಆ ಜನ, ಆ ಕೈಮುಗಿದವರು ಎಲ್ಲ ಸೇರಿದ್ದೇ ಆ ಸಿನಿಮಾ. ಅದನ್ನು ಮಾಡಿದ್ದೂ ಹಾಗೆ ನೋಡಲಿಕ್ಕೇ. 2022ರ ನವೆಂಬರ್ ಕೊನೆಯಲ್ಲಿ ಅದು ಓಟಿಟಿಗೆ ಬಂದಾಗ, ಹಕ್ಕುಸ್ವಾಮ್ಯದ ವ್ಯಾಜ್ಯದಿಂದಾಗಿ ‘ವರಾಹ ರೂಪಂ’ ಹಾಡನ್ನೇ ಬದಲಿಸಿದ್ದರು. ಕೆಲವು ದಿನ ಆದಮೇಲೆ ಮೂಲ ಹಾಡು ವಾಪಸ್ ಬಂತು. ಆ ಕೆಲವು ದಿನಗಳಲ್ಲಿ ಮನೆಯಲ್ಲಿ ನೋಡಿದವರು ಟಾಕೀಸಿನಲ್ಲಿ ನೋಡಿದ ಸಿನಿಮಾವನ್ನು ನೋಡಲೇ ಇಲ್ಲ. ಈ ಎರಡು ಥರ ನೋಡಿದವರು ಕೂತು ವಾದ ಮಾಡಿದರೆ ಹೇಗಿರುತ್ತದೆ? ಈ ಮಾತಿನಲ್ಲಿ ನಾನೂ ಅಕ್ಕನೂ ಇವತ್ತಿಗೂ ಒಪ್ಪಿಲ್ಲ. ನೋಟ್‌ಬುಕ್‌ನಲ್ಲಿ ಎರಡು ಅಂಕವೂ ಅಕ್ಕಪಕ್ಕ ಇವೆ.

ಬದಲಾದದ್ದು, ಆಗದ್ದು

ಸೆಪ್ಟೆಂಬರ್ ಭಾನುವಾರ ಅಕ್ಕ ಎಲ್ಲರ ಮುಂದೆ ಹಳೆಯ ನೋಟ್‌ಬುಕ್ ತೆರೆದು, ಆ ಸಣ್ಣ ಸಿನಿಮಾದ ಪುಟ ಮತ್ತೆ ಓದಿದರು. ಕೆಳಗೆ ಹೊಸ ಶಾಯಿಯಲ್ಲಿ ಬರೆದದ್ದನ್ನೂ ಓದಿದರು: “ಬಿಟ್ಟದ್ದು: ಇಂಟರ್ವಲ್ ನಂತರ ಇಪ್ಪತ್ತು ನಿಮಿಷ. ಕಾರಣ: ಮನೆ ಜಗಳ. ಈ ಅಭಿಪ್ರಾಯ ಅಮಾನ್ಯ.” ಹುಡುಗನ ಹೆಸರು ಎತ್ತಲಿಲ್ಲ. ಅವನು ಅಲ್ಲಿ ಇರಲೂ ಇಲ್ಲ. ಯಾರೂ ನಗಲಿಲ್ಲ.

ನಾನು ಮಾಡಿಕೊಂಡ ಬದಲಾವಣೆ ಒಂದೇ. ಶುಕ್ರವಾರ ಜನ ಕೇಳುವ “ಹೋಗಬಹುದಾ?” ಮತ್ತು ತಾರಸಿಯಲ್ಲಿ ಕೇಳುವ “ಹೇಗಿತ್ತು?” ಬೇರೆ ಬೇರೆ ಪ್ರಶ್ನೆ. ಮೊದಲನೆಯದು ದುಡ್ಡಿನದು, ಎರಡನೆಯದು ಸಿನಿಮಾದ್ದು. ಎರಡಕ್ಕೂ ಒಂದೇ ಅಂಕ ಸಾಕು ಅಂತ ಮಾಡಿದ್ದು ನಾನು. ಈಗ ಶುಕ್ರವಾರ ಅಕ್ಕನ ಅಂಕ ಕೇಳುವುದಿಲ್ಲ. ಯಾವ ಥರದ್ದು, ಮಕ್ಕಳ ಜೊತೆ ನೋಡಬಹುದಾ, ದೊಡ್ಡ ಪರದೆ ಬೇಕಾ, ಇಷ್ಟೇ ಕೇಳುತ್ತೇನೆ. ತಿಂಗಳಿಗೆ ಒಂದು ಹೊಸಬರ ಸಿನಿಮಾಗೆ, ಯಾರು ಏನೇ ಅಂದರೂ, ಮೊದಲ ವಾರವೇ ಟಿಕೆಟ್ ತೆಗೆಯುತ್ತೇನೆ. ಬರುವವರು ಬರುತ್ತಾರೆ. ಒಮ್ಮೆ ನಾನು, ಅಕ್ಕ, ಇನ್ನೊಬ್ಬರು ಮೂರೇ ಜನ ಇದ್ದೆವು. ಶೋ ಹಾಕಿದರು ಅನ್ನುವುದೇ ದೊಡ್ಡದು.

ಎಲ್ಲರಿಗೂ ಇದು ಇಷ್ಟವಾಗಿಲ್ಲ. ಅಕ್ಕ ವಿವರ ಓದಲು ಶುರು ಮಾಡಿದರೆ ಮೇಷ್ಟ್ರು “ಇದೇನಮ್ಮಾ ಪಂಚಾಂಗ ಶ್ರವಣ? ಚೆನ್ನಾಗಿದ್ಯಾ ಇಲ್ವಾ, ಒಂದು ಮಾತು ಹೇಳು” ಅನ್ನುತ್ತಾರೆ. ಮೊದಲಿನ ಚುರುಕು ಸಾಲುಗಳು ಕಮ್ಮಿಯಾಗಿವೆ ಅನ್ನುವುದೂ ನಿಜ. ನಾನು ಕೆಲವೊಮ್ಮೆ ಅವಕ್ಕೆ ಹಂಬಲಿಸುತ್ತೇನೆ.

ಆ ಸಣ್ಣ ಸಿನಿಮಾ ಸೆಪ್ಟೆಂಬರ್ ಕೊನೆಗೆ ಓಟಿಟಿಗೆ ಬಂತು. ಅಕ್ಕ ಒಂದೇ ಪಟ್ಟಿಗೆ ಕೂತು ನೋಡಿ ಎರಡು ಪುಟ ಬರೆದರು. ಬಾವಿಯ ಸೀನಿಗೇ ಅರ್ಧ ಪುಟ. ಮಗಳು ಕೊಡ ಇಳಿಸುವಾಗ ಅಪ್ಪ ಹಗ್ಗ ಹಿಡಿಯಲು ಕೈ ಚಾಚಿ, ಹಿಡಿಯದೆ ಬಿಡುತ್ತಾನೆ. ಆಮೇಲಿನ ಕಥೆಯೆಲ್ಲ ಆ ಬಿಟ್ಟ ಕೈಯಿಂದಲೇ. ಅದನ್ನು ಕಂಡವರಿಗೆ ‘ತಳ ಬುಡ ಇಲ್ಲ’ ಅನ್ನಿಸಲು ಸಾಧ್ಯವಿಲ್ಲ. ಆದರೆ ಪೂರ್ತಿ ಹೊಗಳಿಕೆಯೂ ಅಲ್ಲ. ತಾಯಿಯ ಪಾತ್ರ ಬರೀ ಕಾಫಿ ತಂದುಕೊಡಲಿಕ್ಕೆ ಇದೆ, ಕ್ಲೈಮ್ಯಾಕ್ಸ್ ಎಂಟು ನಿಮಿಷ ಜಾಸ್ತಿ ಅಂತ ಖಡಕ್ಕಾಗಿ ಬರೆದಿದ್ದರು. ಅಂಕ ಆರೂವರೆ. “ಇದನ್ನ ಅವನಿಗೆ ಕಳಿಸ್ಲಾ?” ಅಂತ ನನ್ನನ್ನು ಕೇಳಿದರು. ಹಿಂದೆ ಯಾರನ್ನೂ ಕೇಳಿದವರಲ್ಲ.

ಕಳಿಸಿದರು. ಮೂರು ದಿನ ಉತ್ತರ ಇಲ್ಲ. ನಾಲ್ಕನೇ ದಿನ ಹುಡುಗನೇ ಫೋನ್ ಮಾಡಿದ. ಸಾರಿ, ಥ್ಯಾಂಕ್ಸ್ ಏನೂ ಇಲ್ಲ. ನೇರ ಕ್ಲೈಮ್ಯಾಕ್ಸಿಗೇ ಬಂದ. “ಎಂಟಲ್ಲ ಅಕ್ಕ, ಆರು ನಿಮಿಷ. ನಾನು ಎಡಿಟಿಂಗ್ ಟೇಬಲ್ ಮೇಲೇ ಹೇಳಿದ್ದೆ, ಯಾರೂ ಕೇಳ್ಲಿಲ್ಲ.” ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕಿತ್ತು ಅಂತ ಒಂದು ಗಂಟೆ ವಾದ ಮಾಡಿದರಂತೆ.

ಅಕ್ಟೋಬರ್ 2ಕ್ಕೆ ‘ಕಾಂತಾರ ಚಾಪ್ಟರ್ 1’ ಬಂತು. ರಜೆ, ಜಾತ್ರೆಯಂಥ ಜನ. ನಮಗೆ ಸಿಕ್ಕಿದ್ದು ಮುಂದಿನಿಂದ ಎರಡನೇ ಸಾಲು. ಹುಡುಗನೂ ಬಂದಿದ್ದ. ಮುಗಿದ ಮೇಲೆ ಜನವೆಲ್ಲ ಬಾಗಿಲ ಕಡೆ ನುಗ್ಗಿದರು. ನಾವು ಐದಾರು ಜನ ಕೊನೆಯ ಹೆಸರು ಹೋಗುವವರೆಗೂ ಕೂತಿದ್ದೆವು. ಕಸ ಗುಡಿಸುವವರು ಬಂದು ನಮ್ಮನ್ನೇ ನೋಡುತ್ತಿದ್ದರು. ಮಾರನೇ ದಿನ ಅಕ್ಕನ ಪುಟ ಹೀಗಿತ್ತು:

“ಎಲ್ಲಿ: ಟಾಕೀಸು, ಎರಡನೇ ಸಾಲು. ಹೊತ್ತು: ಮ್ಯಾಟ್ನಿ, ಊಟ ಜಾಸ್ತಿಯಾಗಿತ್ತು. ಜೊತೆ: ಏಳು ಜನ. ತುಂಡು: ಇಲ್ಲ. ಬಿಟ್ಟದ್ದು: ಇಂಟರ್ವಲ್ ಮುಂಚೆ ಐದು ನಿಮಿಷ ಕಣ್ಣು ಹತ್ತಿತು, ಹುಡುಗ ಎಬ್ಬಿಸಿದ. ಅಭಿಪ್ರಾಯ: ಯುದ್ಧ ದೊಡ್ಡದು, ಕುತ್ತಿಗೆ ನೋವು ಅದಕ್ಕಿಂತ ದೊಡ್ಡದು. ಹಾಸ್ಯ ಬೇಕಿರಲಿಲ್ಲ. ಇದರ ನಾಯಕಿ ಕನಕವತಿಗೆ ಅವಳದೇ ಲೆಕ್ಕಾಚಾರ ಇದೆ, ಲೀಲಾಗೆ ಇರಲಿಲ್ಲ. ಅಂಕ: ಹಿಂದಿನ ಸಾಲಿನಲ್ಲಿ ಕೂತು ಇನ್ನೊಂದು ಸಲ ನೋಡಿದ ಮೇಲೆ.”